ಲೋಟದಲ್ಲಿ ಹಣ್ಣು: ಸ್ಮೂದಿ, ಆರೋಗ್ಯ ಮತ್ತು ನಮ್ಮ ಜಿಲ್ಲೆ



ಜನರ ದಿನನಿತ್ಯದ ಬದುಕಿಗೆ ಬೇಕಾದ ವಿಷಯವನ್ನೇ ಈ ದತ್ತಿ ಉಪನ್ಯಾಸದಲ್ಲಿ ಮಾತಾಡಬೇಕು ಎಂಬುದು ದತ್ತಿದಾತರ ಇಚ್ಛೆ ಎಂದು ಸಂಘಟಕರು ತಿಳಿಸಿದರು. ಆಹಾರ ವಿಜ್ಞಾನ ಓದಿ, ಅದನ್ನೇ ಪಾಠ ಹೇಳಿಕೊಂಡು ಬಂದವಳು ನಾನು. ಈಚೆಗೆ ನನ್ನನ್ನು ಜನ ಹೆಚ್ಚಾಗಿ ಕೇಳುವ ಪ್ರಶ್ನೆಯನ್ನೇ ಇವತ್ತಿನ ವಿಷಯ ಮಾಡಿಕೊಂಡಿದ್ದೇನೆ. ಹಣ್ಣನ್ನು ಮಿಕ್ಸಿಗೆ ಹಾಕಿ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದೇ? ಹಾಸ್ಟೆಲಿನ ಹುಡುಗಿಯರು ಬೆಳಗಿನ ತಿಂಡಿ ಬಿಟ್ಟು ಸ್ಮೂದಿ ಕುಡಿದರೆ ಸಾಕೇ ಎಂದು ಕೇಳುತ್ತಾರೆ. ಶುಗರ್ ಇರುವ ಹಿರಿಯರು, ಸಕ್ಕರೆ ಹಾಕದೆ ಕುಡಿದರೆ ತೊಂದರೆ ಇಲ್ಲವಲ್ಲ ಎಂದು ಕೇಳುತ್ತಾರೆ. ರಕ್ತ ಕಡಿಮೆ ಇದೆ ಎಂದು ಆಸ್ಪತ್ರೆಯಲ್ಲಿ ಹೇಳಿಸಿಕೊಂಡ ಬಾಣಂತಿಯ ಮನೆಯವರು, ದಿನಾ ದಾಳಿಂಬೆ ಜ್ಯೂಸ್ ಕೊಡುತ್ತಿದ್ದೇವೆ ಎಂದು ಸಮಾಧಾನದಿಂದ ಹೇಳುತ್ತಾರೆ. ಈ ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಅದಕ್ಕೇ ಈ ಉಪನ್ಯಾಸ.

ಮಾತಿನ ಎಲ್ಲೆಯನ್ನು ಮೊದಲೇ ಗುರುತಿಸಿಕೊಳ್ಳುತ್ತೇನೆ. ಹಣ್ಣು ಮಿಕ್ಸಿಯೊಳಗೆ ಹೋದಾಗ ಏನಾಗುತ್ತದೆ ಎಂಬುದು ಮೊದಲನೆಯದು. ಈ ಬಗ್ಗೆ ನಡೆದಿರುವ ಅಧ್ಯಯನಗಳು ಏನನ್ನುತ್ತವೆ ಎಂಬುದು ಎರಡನೆಯದು. ನಮ್ಮ ಅಂಗಡಿಗಳಲ್ಲಿ, ಮನೆಗಳಲ್ಲಿ ಆ ಲೋಟಕ್ಕೆ ಹಣ್ಣಿನ ಜೊತೆ ಇನ್ನೇನೇನು ಬೀಳುತ್ತದೆ ಎಂಬುದು ಮೂರನೆಯದು. ಕೊನೆಗೆ, ಇದು ಯಾರಿಗೆ ಹಿತ, ಯಾರಿಗೆ ಅಹಿತ ಎಂಬ ಮಾತು. ಅದರ ಬೆನ್ನಿಗೇ ಹಣ್ಣು ಬೆಳೆಯುವ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಹಣ್ಣು ತಿನ್ನುವವರು ಯಾರು ಎಂಬುದನ್ನೂ ಕೇಳಬೇಕಾಗಿದೆ. ಔಷಧಿ ಬರೆದುಕೊಡುವುದು ವೈದ್ಯರ ಕೆಲಸ. ನನ್ನದು ಆಹಾರದ ಮಾತು ಮಾತ್ರ.

ನನ್ನ ನಿಲುವನ್ನು ಕೊನೆಯವರೆಗೆ ಮುಚ್ಚಿಡುವುದಿಲ್ಲ. ಹಲ್ಲು ಗಟ್ಟಿ ಇರುವವರು ಹಣ್ಣನ್ನು ಅಗಿದೇ ತಿನ್ನಬೇಕು. ಸೋಸಿದ ಜ್ಯೂಸಿಗಿಂತ ಸೋಸದ ಸ್ಮೂದಿ ಮೇಲು, ಸ್ಮೂದಿಗಿಂತ ಇಡೀ ಹಣ್ಣು ಮೇಲು. ಊಟದ ಜಾಗದಲ್ಲಿ, ಸಕ್ಕರೆ ಇಲ್ಲದೆ, ಮೊಸರೋ ಕಾಳೋ ಸೇರಿದ ಒಂದು ಲೋಟ ಸ್ಮೂದಿ ಒಳ್ಳೆಯ ಆಹಾರ. ಹೊಟ್ಟೆ ತುಂಬ ಉಂಡ ಮೇಲೆ ಆರೋಗ್ಯಕ್ಕೆಂದು ಕುಡಿಯುವ ಸಿಹಿ ಲೋಟ ಆರೋಗ್ಯ ಕೊಡುವುದಿಲ್ಲ. ಹೀಗೆ ಹೇಳಲು ಕಾರಣವೇನು ಎಂಬುದನ್ನು ಈಗ ಒಂದೊಂದಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ಮೂರು ಪಾನೀಯಗಳನ್ನು ಬೇರೆಬೇರೆ ಮಾಡಿಕೊಳ್ಳೋಣ. ರಸ ಹಿಂಡಿ, ಸೋಸಿ, ಚರಟ ಬಿಸಾಡಿದರೆ ಅದು ಜ್ಯೂಸ್. ಹಾಲು, ಸಕ್ಕರೆ, ಒಮ್ಮೊಮ್ಮೆ ಐಸ್‌ಕ್ರೀಮೂ ಸೇರಿದರೆ ಮಿಲ್ಕ್‌ಶೇಕ್. ಇಡೀ ಹಣ್ಣಿನ ತಿರುಳನ್ನು ಸೋಸದೆ ನುಣ್ಣಗೆ ತಿರುವಿ ಗಟ್ಟಿಯಾಗಿ ಕುಡಿದರೆ ಸ್ಮೂದಿ. ಇದನ್ನು ಅಂಗಡಿ ಸರಣಿಯಾಗಿ ಮಾರುವ ವ್ಯಾಪಾರ ಅಮೆರಿಕದ ಲೂಸಿಯಾನದಲ್ಲಿ 1973ರಲ್ಲಿ ಸ್ಟೀವ್ ಕುನಾವ್ ಎಂಬುವರಿಂದ ಶುರುವಾಯಿತು. ನಮಗೆ ಹಣ್ಣು ಕಿವುಚಿ ತಿನ್ನುವುದು ಹೊಸದೇನಲ್ಲ. ಮಾವಿನ ಸೀಕರಣೆ, ಬಾಳೆಹಣ್ಣಿನ ರಸಾಯನ, ಬೇಸಿಗೆಯ ಕರಬೂಜದ ಪಾನಕ, ರಾಮನವಮಿಯ ಬೇಲದ ಪಾನಕ ಎಲ್ಲವೂ ಇದೇ ಕುಲದವು. ಆದರೆ ಸೀಕರಣೆಯನ್ನು ಕೈಯಲ್ಲಿ ಕಿವುಚುತ್ತಿದ್ದರು, ಹೋಳು ಹೋಳಾಗಿ ಉಳಿಯುತ್ತಿತ್ತು. ಹೋಳಿಗೆಗೋ ಪೂರಿಗೋ ನೆಂಚಿಕೊಳ್ಳಲು ಒಂದು ಬಟ್ಟಲು, ಅದೂ ಹಬ್ಬಕ್ಕೆ ಅಥವಾ ಮಾವಿನ ಕಾಲಕ್ಕೆ. ದಿನವೂ ದೊಡ್ಡ ಲೋಟದಲ್ಲಿ ಗಟಗಟ ಕುಡಿಯುವುದು ಮಿಕ್ಸಿ ಮತ್ತು ಫ್ರಿಜ್ ಮನೆಗೆ ಬಂದ ಮೇಲಿನ ಅಭ್ಯಾಸ.

ಹಣ್ಣಿನ ಒಳಗಿನ ಕಟ್ಟಡ ಹೇಗಿದೆ ಎಂಬುದನ್ನು ನೋಡಲು ನಮಗೆ ಸೂಕ್ಷ್ಮದರ್ಶಕ ಬೇಕಿಲ್ಲ, ಹಿರಿಯೂರಿನ ಒಂದು ದಾಳಿಂಬೆ ಸಾಕು. ಒಂದೊಂದು ಕಾಳೂ ತನ್ನ ರಸವನ್ನು ತೆಳುವಾದ ಪೊರೆಯಲ್ಲಿ ಕಟ್ಟಿಟ್ಟುಕೊಂಡಿದೆ. ನಡುವೆ ಗಟ್ಟಿ ಬೀಜವಿದೆ. ಎಲ್ಲ ಹಣ್ಣುಗಳಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ಇದೇ ಏರ್ಪಾಡು ಇರುತ್ತದೆ. ಸಕ್ಕರೆ ಒಳಗೆ, ನಾರಿನ ಗೋಡೆ ಹೊರಗೆ. ಅಗಿದು ತಿಂದಾಗ ಹಲ್ಲು ಕೆಲವು ಗೋಡೆಗಳನ್ನು ಒಡೆಯುತ್ತದೆ, ಉಳಿದವು ಹೊಟ್ಟೆ ಕರುಳುಗಳಲ್ಲಿ ನಿಧಾನವಾಗಿ ಸಡಿಲವಾಗುತ್ತವೆ. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಬಹುಪಾಲು ಗೋಡೆಗಳನ್ನು ಆಗಲೇ ಒಡೆದುಹಾಕುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಮಿಕ್ಸಿಗೆ ಹಾಕಿದರೆ ನಾರು ಸತ್ತುಹೋಗುತ್ತದೆ ಎಂದು ಅನೇಕರು ಹೇಳುತ್ತಾರೆ. ಹಾಗಾಗುವುದಿಲ್ಲ. ನಾರು ಸಣ್ಣದಾಗುತ್ತದೆ, ನಾಶವಾಗುವುದಿಲ್ಲ. ಸೋಸದಿದ್ದರೆ ಅದು ಲೋಟದಲ್ಲೇ ಇರುತ್ತದೆ. ನಾರು ನಿಜವಾಗಿ ಹೋಗುವುದು ಸೋಸುವ ಜಾಲರಿಯಲ್ಲಿ. ದಾಳಿಂಬೆಯ ನೂರು ಗ್ರಾಂ ಕಾಳಿನಲ್ಲಿ ಸುಮಾರು 4 ಗ್ರಾಂ ನಾರಿರುತ್ತದೆ, ಅದರಲ್ಲಿ ಹೆಚ್ಚಿನದು ಬೀಜದಲ್ಲಿ. ಜ್ಯೂಸ್ ಮಾಡಿ ಸೋಸಿದಾಗ ಚರಟದ ಜೊತೆ ಅದೆಲ್ಲ ಬುಟ್ಟಿ ಸೇರುತ್ತದೆ. ಸುಮಾರು 14 ಗ್ರಾಂ ಸಕ್ಕರೆ ಮಾತ್ರ ಹಾಗೇ ಲೋಟಕ್ಕೆ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ನಾವು ಸೇರಿಸುವ ಸಕ್ಕರೆ, ಬೆಲ್ಲದಂಥವು, ಜೇನು, ಇವುಗಳ ಜೊತೆಗೆ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಅದು ಮಿತಿಯಲ್ಲಿಡಬೇಕಾದ ಬಿಡಿ ಸಕ್ಕರೆ ಎಂದೇ ಎಣಿಸಿತು. ಇಡೀ ಹಣ್ಣಿನೊಳಗಿನ ಸಕ್ಕರೆಯನ್ನು ಎಣಿಸಲಿಲ್ಲ. ಹಣ್ಣು ಅದೇ, ಸಕ್ಕರೆಯೂ ಅದೇ, ಆದರೆ ಗೋಡೆಯ ಒಳಗಿದ್ದರೆ ಒಂದು ಲೆಕ್ಕ, ಹೊರಗೆ ಬಂದರೆ ಇನ್ನೊಂದು ಲೆಕ್ಕ. ಬ್ರಿಟನ್ನಿನ ಆರೋಗ್ಯ ಇಲಾಖೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ಮೂದಿಯ ಸಕ್ಕರೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿದೆ. ಜ್ಯೂಸ್ ಮತ್ತು ಸ್ಮೂದಿ ಎರಡೂ ಸೇರಿ ದಿನಕ್ಕೆ 150 ಮಿಲಿಲೀಟರ್ ಮೀರಬಾರದು ಎಂಬುದು ಅಲ್ಲಿನ ಸಲಹೆ. ನಮ್ಮ ಜ್ಯೂಸ್ ಅಂಗಡಿಯ ದೊಡ್ಡ ಲೋಟ ಅದರ ಎರಡರಷ್ಟು ಹಿಡಿಯುತ್ತದೆ.

ಈಗ ಎರಡನೆಯ ಭಾಗಕ್ಕೆ, ಅಧ್ಯಯನಗಳ ಕಡೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಫೋನಿನಲ್ಲಿ ಬರುವ ಸಲಹೆಗಳಿಗೂ ಪ್ರಯೋಗ ಹೇಳುವ ಮಾತಿಗೂ ಬಹಳ ಅಂತರವಿದೆ.

1977ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ನಡೆದ ಒಂದು ಸರಳ ಪ್ರಯೋಗ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹತ್ತು ಜನ ಆರೋಗ್ಯವಂತರಿಗೆ ಸೇಬನ್ನು ಮೂರು ರೂಪದಲ್ಲಿ ಕೊಟ್ಟರು: ಇಡಿಯಾಗಿ, ನುಣ್ಣಗೆ ಅರೆದು, ರಸವಾಗಿ. ಮೂರರಲ್ಲೂ ಸಕ್ಕರೆ ಪಿಷ್ಟಗಳ ಪ್ರಮಾಣ ಒಂದೇ. ಇಡೀ ಸೇಬು ತಿನ್ನುವುದಕ್ಕಿಂತ ಹನ್ನೊಂದು ಪಟ್ಟು ಬೇಗ ರಸ ಕುಡಿದು ಮುಗಿಯಿತು. ಹಾಗಾಗಿ ಎಲ್ಲರೂ ಒಂದೇ ವೇಗದಲ್ಲಿ ಸೇವಿಸುವಂತೆ ಮಾಡಿ ನೋಡಿದರು. ಆಗಲೂ ರಸ ಕುಡಿದವರಿಗೆ ಹೊಟ್ಟೆ ತುಂಬಿದ ಭಾವ ಕಡಿಮೆ, ಅರೆದದ್ದು ತಿಂದವರಿಗೆ ಅದಕ್ಕಿಂತ ಹೆಚ್ಚು, ಇಡೀ ಹಣ್ಣು ತಿಂದವರಿಗೆ ಎಲ್ಲಕ್ಕಿಂತ ಹೆಚ್ಚು. ರಕ್ತದ ಸಕ್ಕರೆ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಏರಿತು. ಆದರೆ ರಸ ಕುಡಿದ ಮೇಲೆ ಅದು ಮೊದಲಿದ್ದ ಮಟ್ಟಕ್ಕಿಂತ ಕೆಳಗೆ ಸರ್ರನೆ ಇಳಿಯಿತು, ಅರೆದ ಸೇಬಿನ ನಂತರ ಸ್ವಲ್ಪ ಇಳಿಯಿತು, ಇಡೀ ಸೇಬಿನ ನಂತರ ಇಳಿಯಲಿಲ್ಲ. ಇನ್ಸುಲಿನ್ ರಸ ಮತ್ತು ಅರೆದ ಹಣ್ಣು ಎರಡಕ್ಕೂ ಹೆಚ್ಚು ಏರಿತು. ತಿಂಡಿ ಬಿಟ್ಟು ಜ್ಯೂಸ್ ಕುಡಿದ ವಿದ್ಯಾರ್ಥಿನಿಗೆ ಹನ್ನೊಂದು ಗಂಟೆಗೆ ಮತ್ತೆ ಹಸಿವಾಗಿ, ಕೈಕಾಲು ಸೋತಂತಾಗಿ, ಕ್ಯಾಂಟೀನಿನ ಬಜ್ಜಿ ಕರೆಯುತ್ತದೆ ಎಂದರೆ ಅದು ಅವಳ ಮನಸ್ಸಿನ ದೌರ್ಬಲ್ಯವಲ್ಲ.

ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೇ ದಿಕ್ಕಿನದು. ಮಧ್ಯಾಹ್ನದ ಊಟಕ್ಕೆ ಮೊದಲು ಸೇಬಿನ ಹೋಳು ತಿಂದವರು, ಏನೂ ತಿನ್ನದೆ ಊಟಕ್ಕೆ ಕೂತವರಿಗಿಂತ ಆ ಊಟದಲ್ಲಿ ಒಟ್ಟಾರೆ ಶೇಕಡ 15ರಷ್ಟು ಕಡಿಮೆ ಕ್ಯಾಲೊರಿ ತೆಗೆದುಕೊಂಡರು. ಸೇಬಿನ ರಸಕ್ಕೆ ಅಂಥ ಶಕ್ತಿ ಇರಲಿಲ್ಲ. ರಸಕ್ಕೆ ನಾರನ್ನು ಮತ್ತೆ ಬೆರೆಸಿ ಕೊಟ್ಟರೂ ಇಡೀ ಹಣ್ಣಿಗೆ ಸಮವಾಗಲಿಲ್ಲ. ಅಗಿಯುವುದಕ್ಕೆ ಅದರದೇ ಆದ ಬೆಲೆ ಇದೆ ಎಂದು ಇದರಿಂದ ತಿಳಿಯುತ್ತದೆ.

2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಅಮೆರಿಕದ ಲಕ್ಷಕ್ಕೂ ಹೆಚ್ಚು ದಾದಿಯರು ಮತ್ತು ಆರೋಗ್ಯ ವೃತ್ತಿಯವರನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದು. ಇಡೀ ಹಣ್ಣು, ಅದರಲ್ಲೂ ಬ್ಲೂಬೆರಿ, ದ್ರಾಕ್ಷಿ, ಸೇಬು ಹೆಚ್ಚು ತಿಂದವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಕಂಡಿತು. ಹಣ್ಣಿನ ರಸ ಹೆಚ್ಚು ಕುಡಿದವರಲ್ಲಿ ಹೆಚ್ಚು ಕಂಡಿತು. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ ಎಂಬ ಎಚ್ಚರ ಇರಲಿ. ಆದರೂ ಬ್ರಿಸ್ಟಲ್ಲಿನ ಹಳೆಯ ಪ್ರಯೋಗದ ಜೊತೆ ಇಟ್ಟು ನೋಡಿದಾಗ ದಾರಿ ಒಂದೇ ಕಡೆ ಹೋಗುತ್ತಿದೆ.

ಹಾಗೆಂದು ಸ್ಮೂದಿಯ ಪರವಾಗಿ ಸಾಕ್ಷಿ ಇಲ್ಲವೇ? ಇದೆ, ಅದನ್ನು ಮರೆಮಾಚಿದರೆ ನ್ಯಾಯವಾಗದು. 2022ರಲ್ಲಿ ನ್ಯೂಟ್ರಿಯೆಂಟ್ಸ್ ಎಂಬ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಸೇಬು ಮತ್ತು ಬ್ಲ್ಯಾಕ್‌ಬೆರಿಯನ್ನು ಆರೋಗ್ಯವಂತ ಯುವಜನರಿಗೆ ಒಮ್ಮೆ ಇಡಿಯಾಗಿ, ಒಮ್ಮೆ ಮಿಕ್ಸಿಯಲ್ಲಿ ತಿರುವಿ ಕೊಟ್ಟರು. ತಿರುವಿದ್ದನ್ನು ಕುಡಿದಾಗ ರಕ್ತದ ಸಕ್ಕರೆ ಏರಿದ್ದು ಕಡಿಮೆ! ಬ್ಲ್ಯಾಕ್‌ಬೆರಿಯ ಸಣ್ಣ ಬೀಜಗಳು ಪುಡಿಯಾಗಿ, ಅವುಗಳೊಳಗಿನ ನಾರು, ಕೊಬ್ಬು ಮತ್ತು ಪಾಲಿಫಿನಾಲ್‌ಗಳು ಹೊರಬಂದದ್ದೇ ಇದಕ್ಕೆ ಕಾರಣವಿರಬೇಕು ಎಂಬುದು ಸಂಶೋಧಕರ ಊಹೆ. ಬೀಜ ಸಮೇತ ತಿರುವಿ, ಸೋಸದೆ ಕುಡಿಯುವುದು ಸೋಸಿದ ರಸಕ್ಕಿಂತ ಬೇರೆಯೇ ಎಂಬುದಕ್ಕೆ ಇದು ಒಳ್ಳೆಯ ಆಧಾರ. ಸೀಬೆಹಣ್ಣನ್ನೂ ದಾಳಿಂಬೆಯನ್ನೂ ಬೀಜ ಸೋಸಿಯೇ ಕುಡಿಯುವ ನಮ್ಮ ರೂಢಿಯನ್ನು ಬಿಡಲು ಇಷ್ಟು ಸಾಕು. ಆದರೆ ಇದು ಆರೋಗ್ಯವಂತ ಎಳೆಯರ ಮೇಲೆ ನಡೆದ ಸಣ್ಣ ಪ್ರಯೋಗ. ಶುಗರ್ ಇರುವವರು ಇದನ್ನು ಅನುಮತಿ ಪತ್ರವೆಂದು ತಿಳಿಯಬಾರದು.

ಇನ್ನೊಂದು ಪ್ರಯೋಗ ನಮ್ಮ ಬಾಳೆಹಣ್ಣಿನದು. ಸ್ಮೂದಿ ಗಟ್ಟಿಯಾಗಲಿ ಎಂದು ಎಲ್ಲರೂ ಬಾಳೆಹಣ್ಣು ಹಾಕುತ್ತಾರೆ. ಬಾಳೆಹಣ್ಣು ಸುಲಿದಿಟ್ಟರೆ ಕಪ್ಪಾಗುತ್ತದಲ್ಲ, ಆ ಕಪ್ಪಿಗೆ ಕಾರಣವಾದ ಕಿಣ್ವವೊಂದು ಅದರಲ್ಲಿ ಹೇರಳವಾಗಿದೆ. ಬೆರಿ, ದ್ರಾಕ್ಷಿ, ಕೋಕೋಗಳಲ್ಲಿರುವ, ಹೃದಯಕ್ಕೆ ಹಿತವೆಂದು ಹೇಳುವ ಫ್ಲವನಾಲ್ ಎಂಬ ಅಂಶವನ್ನು ಈ ಕಿಣ್ವ ಕೆಡಿಸುತ್ತದೆಯೇ ಎಂದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ವಿಭಾಗದವರೂ ಮಾರ್ಸ್ ಕಂಪನಿಯ ಸಂಶೋಧಕರೂ ಸೇರಿ ಪರೀಕ್ಷಿಸಿದರು. 2023ರಲ್ಲಿ ಫಲಿತಾಂಶ ಬಂತು. ಬಾಳೆಹಣ್ಣಿನ ಸ್ಮೂದಿ ಕುಡಿದವರ ದೇಹದಲ್ಲಿ ಫ್ಲವನಾಲ್ ಮಟ್ಟ ಶೇಕಡ 84ರಷ್ಟು ಕಡಿಮೆ ಇತ್ತು. ಬೆರಿಗಳನ್ನಷ್ಟೇ ಹಾಕಿದ ಸ್ಮೂದಿಯಲ್ಲಿ ಇಳಿಕೆ ಕಾಣಲಿಲ್ಲ. ಭಾಗವಹಿಸಿದವರು ಬೆರಳೆಣಿಕೆಯಷ್ಟು ಜನ. ಬಾಳೆಹಣ್ಣು ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಐದು ಹಣ್ಣು ಒಂದೇ ಜಾರಿಗೆ ಸುರಿದರೆ ಐದರ ಗುಣವೂ ಸಿಗುತ್ತದೆ ಎಂಬ ನಂಬಿಕೆ ಮಾತ್ರ ಗಟ್ಟಿಯಲ್ಲ.

ಸಭಿಕರೇ, ಈಗ ಮೂರನೆಯ ಭಾಗ. ಪ್ರಯೋಗಶಾಲೆಯಿಂದ ಚಿತ್ರದುರ್ಗದ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಬರೋಣ. ಒಂದು ಸಪೋಟ ಮಿಲ್ಕ್‌ಶೇಕ್ ಕೇಳಿದ್ದೇವೆ ಎಂದುಕೊಳ್ಳಿ. ಎರಡು ಸಪೋಟ, ತಿರುಳು ನೂರೈವತ್ತು ಗ್ರಾಂ. ಅದರ ಸಕ್ಕರೆಯೇ 20 ಗ್ರಾಂ ದಾಟುತ್ತದೆ. ಮೇಲೆ ಎರಡು ದೊಡ್ಡ ಚಮಚ ಸಕ್ಕರೆ, ಅದು 25 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಭಾರತೀಯರ ಆಹಾರ ಮಾರ್ಗಸೂಚಿಯ ಪ್ರಕಾರ, ಸೇರಿಸಿದ ಸಕ್ಕರೆ ಇಡೀ ದಿನಕ್ಕೆ 25ರಿಂದ 30 ಗ್ರಾಂ ಒಳಗಿರಬೇಕು. ಕಾಫಿ ಟೀ ಎಲ್ಲವನ್ನೂ ಸೇರಿಸಿ ಹೇಳಿದ ಮಾತದು. ಒಂದು ಲೋಟದಲ್ಲಿ ದಿನದ ಪಾಲು ಮುಗಿದುಹೋಯಿತು. ಸಪೋಟ ತಾನೇ ಅಷ್ಟು ಸಿಹಿಯಾದ ಹಣ್ಣು, ಅದಕ್ಕೆ ಸಕ್ಕರೆ ಬೇಕೇ ಎಂದು ನಾವು ಅಂಗಡಿಯವರನ್ನು ಕೇಳುವುದೂ ಇಲ್ಲ. ಅವರು ನಮ್ಮನ್ನು ಕೇಳುವುದೂ ಇಲ್ಲ. ಈ ಒಂದು ಕೇಳುವ ಅಭ್ಯಾಸ ಬಂದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ ಎಂದು ನಾನು ನಂಬಿದ್ದೇನೆ.

ಪೊಟ್ಟಣದ ರಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೂರಕ್ಕೆ ನೂರು ಹಣ್ಣಿನ ರಸ ಎಂದು ಪೊಟ್ಟಣದ ಮೇಲೆ ಬರೆದುಕೊಳ್ಳುವುದನ್ನು ತೆಗೆಯಿರಿ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಆದೇಶಿಸಿತು. ಅಷ್ಟು ಗೊತ್ತಿದ್ದರೆ ಸಾಕು.

ಹಾಲಿನ ವಿಷಯ ಬಂದಾಗ ಹಿರಿಯರು ತಪ್ಪದೆ ಕೇಳುವ ಪ್ರಶ್ನೆ: ಹಾಲಿಗೆ ಹಣ್ಣು ಬೆರೆಸುವುದು ವಿರುದ್ಧಾಹಾರ, ಅಂದರೆ ಒಂದಕ್ಕೊಂದು ಹೊಂದದ ಆಹಾರ, ಅಲ್ಲವೇ? ಹೊಳಲ್ಕೆರೆ ತಾಲೂಕಿನವರಿಗೆ ಇದು ಸಹಜವಾದ ಪ್ರಶ್ನೆ. ಅದೇ ತಾಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಅನಾಥ ಸೇವಾಶ್ರಮ ಯೋಗವನ್ನೂ ಆಯುರ್ವೇದವನ್ನೂ ಈ ಭಾಗದ ಮನೆಮನೆಗೆ ಮುಟ್ಟಿಸಿದೆ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಹಾಲಿನೊಂದಿಗೆ ಸೇರಿಸಬಾರದ ಹಣ್ಣುಗಳ ದೊಡ್ಡ ಪಟ್ಟಿಯೇ ಇದೆ. ಅದರಲ್ಲಿ ಬಾಳೆ, ದಾಳಿಂಬೆ, ಹಲಸು, ನೇರಳೆ, ಬೇಲ ಎಲ್ಲವೂ ಬರುತ್ತವೆ. ನಂತರದ ಭಾವಪ್ರಕಾಶ ಮಾತ್ರ ಕಳಿತ ಮಾವನ್ನು ಹಾಲಿನೊಂದಿಗೆ ಸೇವಿಸುವುದನ್ನು ಬಲಕಾರಿ ಎಂದು ಹೊಗಳುತ್ತದೆ. ಶಾಸ್ತ್ರದಲ್ಲೇ ಎರಡು ದನಿಗಳಿವೆ. ಆಧುನಿಕ ಪೋಷಣಾಶಾಸ್ತ್ರದ ದೃಷ್ಟಿಯಲ್ಲಿ ಹಾಲು ಹಣ್ಣು ಸೇರಿದರೆ ವಿಷವಾಗುತ್ತದೆ ಎನ್ನಲು ಆಧಾರವಿಲ್ಲ. ಹುಳಿ ಹಣ್ಣಿಗೆ ಹಾಲು ಒಡೆಯುತ್ತದೆ, ಹೊಟ್ಟೆಯೊಳಗಿನ ಆಮ್ಲಕ್ಕೂ ಅದು ಒಡೆಯುತ್ತದೆ. ಆದರೆ ಹಾಲು ಅರಗದವರು ನಮ್ಮಲ್ಲಿ ಬಹಳ ಜನ. ಅವರಿಗೆ ಮಿಲ್ಕ್‌ಶೇಕ್ ಕುಡಿದ ಮೇಲೆ ಹೊಟ್ಟೆ ಉಬ್ಬರಿಸಿದರೆ ದೂರು ಹಣ್ಣಿನ ಮೇಲೆ ಹೋಗುತ್ತದೆ. ಅಂಥವರು ಮೊಸರು ಹಾಕಿಕೊಳ್ಳಲಿ. ಶಾಸ್ತ್ರ ನಂಬಿದವರು ಹಾಲು ಬಿಟ್ಟು ನೀರಿನಲ್ಲೇ ಮಾಡಿಕೊಳ್ಳಲಿ. ನಷ್ಟವೇನಿಲ್ಲ.

ನಮ್ಮ ಜಿಲ್ಲೆಯಲ್ಲಿ ಹಾಲಿಗಿಂತ ಹೆಚ್ಚು ಯೋಚಿಸಬೇಕಾದದ್ದು ನೀರಿನ ಬಗ್ಗೆ. ಇದು ಸ್ಮೂದಿಯ ಉಪನ್ಯಾಸದಲ್ಲಿ ಯಾಕೆ ಎನ್ನಬೇಡಿ. ಲೋಟಕ್ಕೆ ಬೀಳುವ ನೀರು ಮತ್ತು ಐಸ್ ಎಲ್ಲಿಂದ ಬಂತು ಎಂಬುದು ಹಣ್ಣು ಯಾವುದು ಎಂಬುದಕ್ಕಿಂತ ದೊಡ್ಡ ಆರೋಗ್ಯದ ಪ್ರಶ್ನೆ. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ದಾಟಿದೆ. ಹಲ್ಲು ಕಂದಾಗಿ, ಕೀಲು ಬಿಗಿದ ಹಿರಿಯರನ್ನು ನೀವೆಲ್ಲ ನೋಡಿದ್ದೀರಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಐಸ್ ಮಾಡಿದರೂ ಹೋಗುವುದಿಲ್ಲ. ಇನ್ನು ರೋಗಾಣುಗಳ ಮಾತು. 2023ರ ಆಗಸ್ಟ್‌ನಲ್ಲಿ ಇದೇ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದ್ದು, ಪ್ರಾಣ ಕಳೆದುಕೊಂಡದ್ದು ನಮ್ಮ ಕಣ್ಣೆದುರಿನ ದುರಂತ. ಅದನ್ನು ಮರೆತು ಗೊತ್ತಿಲ್ಲದ ನೀರಿನ ಐಸ್ ಹಾಕಿಸಿಕೊಂಡು ಆರೋಗ್ಯ ಕುಡಿಯುತ್ತಿದ್ದೇವೆ ಎಂದುಕೊಳ್ಳಲಾಗದು. ತಿನ್ನಲು ಯೋಗ್ಯವಲ್ಲದ, ಮೀನು ಮುಂತಾದವನ್ನು ಕೆಡದಂತೆ ಇಡಲು ಮಾಡುವ ಐಸಿಗೆ ನೀಲಿ ಬಣ್ಣ ಹಾಕಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ನಿಯಮ ಮಾಡಿದೆ. ಅಂಗಡಿಯಲ್ಲಿ ಐಸ್ ಬೇಡ ಎಂದು ಹೇಳುವುದು ಎಲ್ಲಕ್ಕಿಂತ ಸುಲಭ. ಮಿಕ್ಸಿ ಜಾರನ್ನು ಪ್ರತಿ ಸಲ ತೊಳೆಯುತ್ತಾರೋ, ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆಯುತ್ತಾರೋ ಎಂಬುದನ್ನೂ ಕಣ್ಣಾರೆ ನೋಡಿ.

ಮುಂದಿನದು, ಯಾರಿಗೆ ಹಿತ, ಯಾರಿಗೆ ಅಹಿತ ಎಂಬ ಮಾತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೇತೃತ್ವದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅದು ಅಂದಾಜು ಮಾಡಿತು. ಶುಗರ್ ಬಂದವರಿಗೆ ಹಣ್ಣೇ ನಿಷಿದ್ಧ ಎಂದು ಮನೆಯವರು ತಟ್ಟೆ ಎತ್ತಿಡುವುದು ತಪ್ಪು. ಒಂದು ಸೀಬೆಹಣ್ಣು, ಒಂದೆರಡು ಹೋಳು ಪರಂಗಿ, ಒಂದು ಹಿಡಿ ದಾಳಿಂಬೆ ಕಾಳು ವೈದ್ಯರನ್ನು ಕೇಳಿಕೊಂಡು ಅಗಿದು ತಿನ್ನಬಹುದು. ಲೋಟ ಮಾತ್ರ ಬೇಡ. ಸಕ್ಕರೆ ಹಾಕದಿದ್ದರೂ ಬೇಡ. ಲೋಟದಲ್ಲಿ ಒಂದು ಹಣ್ಣಿನ ಜಾಗಕ್ಕೆ ಮೂರು ಹಣ್ಣು ಕೂರುತ್ತವೆ, ಅದೂ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಇದಕ್ಕೆ ಒಂದು ಅಪವಾದ ಇದೆ. ಮಾತ್ರೆಯಿಂದಲೋ ಇನ್ಸುಲಿನ್‌ನಿಂದಲೋ ಸಕ್ಕರೆ ದಿಢೀರನೆ ಕುಸಿದು ಬೆವರು, ನಡುಕ ಬಂದಾಗ ಅರ್ಧ ಲೋಟ ಹಣ್ಣಿನ ರಸವೇ ತಕ್ಷಣದ ಉಪಚಾರ. ಆ ಹೊತ್ತಿನಲ್ಲಿ ಪ್ರಾಣ ಉಳಿಸುವುದು ರಸದ ವೇಗ. ಉಳಿದ ಹೊತ್ತಿನಲ್ಲಿ ನಾವು ಹೆದರಬೇಕಾದದ್ದೂ ಅದೇ ವೇಗಕ್ಕೆ.

ಮೂತ್ರಪಿಂಡ ಸೋತವರಿಗೆ ಬಾಳೆ, ಸಪೋಟ, ಎಳನೀರು ಸೇರಿದ ಲೋಟದ ಪೊಟ್ಯಾಸಿಯಂ ಹೃದಯದ ಬಡಿತಕ್ಕೇ ತೊಂದರೆ ಕೊಡಬಹುದು. ಅಂಥವರು ವೈದ್ಯರು ಹೇಳಿದ್ದನ್ನು ಮೀರಬಾರದು. ವರ್ಷ ತುಂಬದ ಕೂಸಿಗೆ ಹಣ್ಣಿನ ರಸ ಬೇಡ ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2017ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆರು ತಿಂಗಳು ಕಳೆದ ಮಗುವಿಗೆ ಚಮಚದಲ್ಲಿ ಕಿವುಚಿದ ಬಾಳೆಹಣ್ಣು ತಿನ್ನಿಸಿ, ಬಾಟಲಿಯಲ್ಲಿ ಜ್ಯೂಸ್ ಕೊಡಬೇಡಿ.

ಯಾರಿಗೆ ಹಿತ? ಹಲ್ಲು ಬಿದ್ದ ಅಜ್ಜಿಗೆ. ಬಾಯಿಯ ಶಸ್ತ್ರಚಿಕಿತ್ಸೆ ಆದವರಿಗೆ. ಕ್ಷಯ ರೋಗದಿಂದ ಸೊರಗಿ ಊಟ ಸೇರದವರಿಗೆ. ಜ್ವರದಿಂದ ಎದ್ದ ಮಗುವಿಗೆ. ಬೆಳಗಿನ ಜಾವ ಬಸ್ಸು ಹಿಡಿಯುವ ಅವಸರದಲ್ಲಿ ಬರಿಹೊಟ್ಟೆಯಲ್ಲಿ ಕಾಲೇಜಿಗೆ ಬರುವ ಹೊಸದುರ್ಗದ ಹಳ್ಳಿಯ ಹುಡುಗಿಗೂ ಹಿತವೇ. ಇವರಿಗೆ ನಾನು ಹೇಳುವ ಲೋಟ ಹೀಗಿರುತ್ತದೆ: ಒಂದು ಪಚ್ಚಬಾಳೆ, ಒಂದು ಲೋಟ ಗಟ್ಟಿ ಮೊಸರು, ಎರಡು ಚಮಚ ಹುರಿದ ಶೇಂಗಾ ಪುಡಿ, ಒಂದು ಚಮಚ ರಾಗಿ ಹುರಿಹಿಟ್ಟು. ಸಕ್ಕರೆ ಇಲ್ಲ, ಐಸ್ ಇಲ್ಲ. ಬಾಳೆ ನಮ್ಮ ಹೊಳಲ್ಕೆರೆಯದು, ಶೇಂಗಾ ಚಳ್ಳಕೆರೆಯದು, ರಾಗಿ ಎಲ್ಲ ಕಡೆಯದು. ಇದು ಹಣ್ಣಿನ ಪಾನೀಯ ಅಲ್ಲ, ಒಂದು ಹೊತ್ತಿನ ಊಟ. ಆದ್ದರಿಂದ ತಿಂಡಿಯ ಬದಲಿಗೆ ಕುಡಿಯಬೇಕು, ತಿಂಡಿಯ ಜೊತೆಗಲ್ಲ.

ಇನ್ನು ದಾಳಿಂಬೆಯಿಂದ ರಕ್ತ ಹೆಚ್ಚುತ್ತದೆ ಎಂಬ ಮಾತು. ಈ ನಂಬಿಕೆಯನ್ನು ಗೌರವದಿಂದಲೇ, ಆದರೆ ನೇರವಾಗಿ ಬಿಡಿಸಬೇಕು, ಏಕೆಂದರೆ ಇದರಿಂದ ಹೆಣ್ಣುಮಕ್ಕಳಿಗೆ ಹಾನಿಯಾಗುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧದ ಸಮೀಪ ಜನರಿಗೆ ರಕ್ತಹೀನತೆ ಇದೆ. ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಎಂದು ಐಸಿಎಂಆರ್ ಹೇಳುತ್ತದೆ. ನೂರು ಗ್ರಾಂ ದಾಳಿಂಬೆಯಲ್ಲಿರುವ ಕಬ್ಬಿಣ ಅರ್ಧ ಮಿಲಿಗ್ರಾಂಗೂ ಕಡಿಮೆ. ಅದರ ಕೆಂಪು ಬಣ್ಣ ಆಂಥೋಸಯನಿನ್ ಎಂಬ ಬಣ್ಣದ್ರವ್ಯದ್ದು, ಕಬ್ಬಿಣದ್ದಲ್ಲ. ಅದೇ ನೂರು ಗ್ರಾಂ ರಾಗಿಯಲ್ಲಿ ನಾಲ್ಕು ಮಿಲಿಗ್ರಾಂ ಆಸುಪಾಸು ಕಬ್ಬಿಣ, ಮುನ್ನೂರು ಮಿಲಿಗ್ರಾಂ ಮೀರಿದ ಸುಣ್ಣದ ಅಂಶ ಇವೆ. ಹಾಗಾದರೆ ರಕ್ತ ಕಡಿಮೆ ಇರುವವರಿಗೆ ಹಣ್ಣಿನ ಕೆಲಸವೇನು? ಕೆಲಸ ಇದೆ. ರಾಗಿ, ಸೊಪ್ಪು, ಕಾಳುಗಳ ಕಬ್ಬಿಣ ಸುಲಭವಾಗಿ ದೇಹಕ್ಕೆ ಇಳಿಯುವುದಿಲ್ಲ, ಅದನ್ನು ಇಳಿಸಲು ವಿಟಮಿನ್ ಸಿ ಬೇಕು. ಸೀಬೆಹಣ್ಣಿನಲ್ಲಿ ಅದು ನೂರು ಗ್ರಾಂಗೆ ಇನ್ನೂರು ಮಿಲಿಗ್ರಾಂ ಮುಟ್ಟುತ್ತದೆ, ಬೆಟ್ಟದ ನೆಲ್ಲಿಯಲ್ಲೂ ಹೇರಳವಾಗಿದೆ. ಮುದ್ದೆ, ಸೊಪ್ಪಿನ ಸಾರು ಉಂಡು, ಮೇಲೊಂದು ಸೀಬೆಹಣ್ಣು ತಿಂದು, ಊಟವಾದ ಕೂಡಲೇ ಟೀ ಕುಡಿಯದಿದ್ದರೆ, ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಿದರೆ ರಕ್ತ ಏರುತ್ತದೆ. ದಾಳಿಂಬೆ ಒಳ್ಳೆಯ ಹಣ್ಣು, ಧಾರಾಳವಾಗಿ ತಿನ್ನಿ. ಮಾತ್ರೆಯ ಬದಲಿಗೆ ಮಾತ್ರ ಅದನ್ನು ಇಡಬೇಡಿ.

ದಾಳಿಂಬೆಯ ಮಾತು ಬಂದ ಮೇಲೆ ನಮ್ಮ ಜಿಲ್ಲೆಯ ಮಾತು ಬಾರದೆ ಇರುವುದಿಲ್ಲ. ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಜಲಾಶಯ 1907ರಲ್ಲಿ ಮುಗಿಯಿತು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಎಂದರೆ ಈ ನೆಲದ ಮಳೆಯ ಕತೆಯೇ. ಅಂಥ ನೆಲದಲ್ಲಿ ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಬಿಟ್ಟು, ದುಂಡಾಣು ಅಂಗಮಾರಿ ರೋಗದ ಎದುರು ಹೋರಾಡಿ ಹಿರಿಯೂರು, ಹೊಸದುರ್ಗದ ರೈತರು ಭಗವಾ ತಳಿಯ ದಾಳಿಂಬೆ ಬೆಳೆದಿದ್ದಾರೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ತೋಟಗಾರಿಕೆ ಕಲಿಸುವ ಕಾಲೇಜೇ ಇದೆ. ಆದರೆ ದಪ್ಪನೆಯ, ಬಣ್ಣ ಬಂದ ಹಣ್ಣು ಪೆಟ್ಟಿಗೆ ಸೇರಿ ದೂರದ ಪಟ್ಟಣಗಳಿಗೆ ಲಾರಿ ಹತ್ತುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅದನ್ನು ಕೊಯ್ದು ತುಂಬುವ ಕೂಲಿ ಹೆಣ್ಣುಮಗಳ ಮನೆಯ ಮಕ್ಕಳು ವಾರಕ್ಕೆ ಎಷ್ಟು ಹಣ್ಣು ತಿನ್ನುತ್ತಾರೆ? ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ದಿನಕ್ಕೆ 100 ಗ್ರಾಂ ಹಣ್ಣು ತಿನ್ನಿ ಎನ್ನುತ್ತದೆ. ಅಂದರೆ ಒಂದು ಸಾಧಾರಣ ಸೀಬೆಹಣ್ಣು ಅಥವಾ ಒಂದು ಬಾಳೆಹಣ್ಣು. ಸ್ಮೂದಿ ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ಚರ್ಚಿಸುತ್ತಿರುವಾಗ ಈ ನೂರು ಗ್ರಾಂ ಕೂಡ ಕಾಣದ ಮನೆಗಳು ನಮ್ಮ ಆರೂ ತಾಲೂಕುಗಳಲ್ಲಿವೆ. ನನ್ನ ಮನಸ್ಸಿಗೆ ಹೆಚ್ಚು ನೋವು ಕೊಡುವುದು ಇದು.

ದುಬಾರಿ ಹಣ್ಣೇ ಆಗಬೇಕಿಲ್ಲ. ಹಿತ್ತಲಲ್ಲಿ ಬಚ್ಚಲ ನೀರಿಗೆ ಬೆಳೆಯುವ ಪರಂಗಿ, ಗಡಿಯಲ್ಲಿ ನಿಲ್ಲುವ ಸೀಬೆ, ಜೋಗಿಮಟ್ಟಿ ಕಡೆಯ ಗುಡ್ಡಗಳಿಂದ ಹೆಂಗಸರು ಪುಟ್ಟಿಯಲ್ಲಿ ಹೊತ್ತು ತರುವ ಸೀತಾಫಲ, ಚಳಿಗಾಲದ ಬಾರೆಹಣ್ಣು, ಮುಂಗಾರಿನ ನೇರಳೆ, ಕಾರೆ, ಕವಳೆ ಎಲ್ಲವೂ ಹಣ್ಣೇ. ಇವುಗಳಲ್ಲಿ ಬಹುಪಾಲು ಮಿಕ್ಸಿಗೆ ಹೋಗುವಂಥವೂ ಅಲ್ಲ, ಅಗಿದೇ ತಿನ್ನಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಇದೆ. ಹಣ್ಣನ್ನು ಹಣ್ಣಾಗಿಯೇ ಮಗುವಿನ ಕೈಗೆ ಕೊಡುವ ಈ ಕ್ರಮ ನನಗೆ ಬಹಳ ಸರಿ ಎನ್ನಿಸುತ್ತದೆ.

ಕೊನೆಯದಾಗಿ ನಿಮ್ಮಲ್ಲಿ ಮೂರು ಬೇಡಿಕೆಗಳನ್ನಿಟ್ಟು ಕೂರುತ್ತೇನೆ. ಜ್ಯೂಸ್ ಅಂಗಡಿ ನಡೆಸುವವರು ಸಕ್ಕರೆಯನ್ನು ಕೇಳಿದವರಿಗೆ ಮಾತ್ರ ಹಾಕಲಿ, ಹೆಚ್ಚಿದ ಹಣ್ಣಿನ ತಟ್ಟೆಯನ್ನೂ ಲೋಟದಷ್ಟೇ ಮುತುವರ್ಜಿಯಿಂದ ಮಾರಲಿ. ಕಾಲೇಜುಗಳ ಪ್ರಾಂಶುಪಾಲರು ಕ್ಯಾಂಟೀನಿನಲ್ಲಿ ದಿನಕ್ಕೊಂದು ಋತುಮಾನದ ಹಣ್ಣು ಸಿಗುವಂತೆ ನೋಡಿಕೊಳ್ಳಲಿ. ದಾಳಿಂಬೆ ಬೆಳೆಗಾರರೇ, ಸಿಪ್ಪೆ ಸೀಳಿದ, ಚುಕ್ಕೆ ಬಿದ್ದ, ಆದರೆ ಒಳಗೆ ಕೆಡದ ಹಣ್ಣನ್ನು ವ್ಯಾಪಾರಿ ಬಹಳ ಕಡಿಮೆ ಬೆಲೆಗೆ ಕೇಳುತ್ತಾನೆ. ಅದರಲ್ಲಿ ವಾರಕ್ಕೆ ಒಂದೆರಡು ಪೆಟ್ಟಿಗೆಯನ್ನು ನಿಮ್ಮೂರಿನ ಶಾಲೆಗೋ ಹತ್ತಿರದ ವಿದ್ಯಾರ್ಥಿನಿಲಯಕ್ಕೋ ಕೊಡಿ. ಈ ಕೊಯ್ಲಿನಲ್ಲೇ ಒಬ್ಬಿಬ್ಬರಾದರೂ ಶುರು ಮಾಡಿ. ಹಣ್ಣು ತಲುಪಿಸುವ ಹೊಣೆಯನ್ನು ನಮ್ಮ ವಿದ್ಯಾರ್ಥಿಗಳು ಹೊತ್ತುಕೊಳ್ಳಲು ಸಿದ್ಧರಿದ್ದಾರೆ.